ಅನಧಿಕೃತ ಮೇಲ್ ಆ್ಯಪ್: ಬೀಗದ ಕೈ ಪರರ ಕಿಸೆಯಲ್ಲಿ

ಹಾಸನ: ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣಗಳ ಪದವಿ ವಿದ್ಯಾರ್ಥಿಗಳಿಗೆ ಇ-ಮೇಲ್ ಇಂದು ಕೇವಲ ಪತ್ರವ್ಯವಹಾರದ ಸಾಧನವಾಗಿ ಉಳಿದಿಲ್ಲ. ರಾಜ್ಯದ ವಿಶ್ವವಿದ್ಯಾಲಯಗಳಲ್ಲಿ 2021-22ರಿಂದ ಬಳಕೆಗೆ ಬಂದ ಯುಯುಸಿಎಂಎಸ್ ಜಾಲತಾಣದಲ್ಲಿ ಪ್ರವೇಶ, ಪರೀಕ್ಷಾ ಅರ್ಜಿ, ಫಲಿತಾಂಶ ಎಲ್ಲವೂ ಒಂದೇ ಖಾತೆಗೆ ಸೇರಿವೆ. ಮರೆತ ಪಾಸ್‌ವರ್ಡನ್ನು ಮರಳಿ ಪಡೆಯಲು ಬಹುತೇಕ ಜಾಲತಾಣಗಳು ಆಶ್ರಯಿಸುವುದು ಇ-ಮೇಲನ್ನೇ. ಆದ್ದರಿಂದ ಮೇಲ್‌ಪೆಟ್ಟಿಗೆ ಪರರ ವಶವಾದರೆ ಉಳಿದ ಖಾತೆಗಳೂ ಅದರ ಹಿಂದೆಯೇ ಹೋಗಬಹುದು.

ಕಾಲೇಜು ನೀಡಿದ ಮೇಲ್ ಪುಟ ಮೊಬೈಲ್‌ನಲ್ಲಿ ನಿಧಾನವಾಗಿ ತೆರೆಯುತ್ತದೆ ಎಂಬ ಬೇಸರಕ್ಕೆ ಯಾರೋ ಸಿದ್ಧಪಡಿಸಿದ ಆ್ಯಪ್ ಅಳವಡಿಸಿಕೊಳ್ಳುವವರಿದ್ದಾರೆ. ಇವುಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಪಾಸ್‌ವರ್ಡನ್ನೇ ಕೇಳಿ ಪಡೆಯುತ್ತದೆ. ಹೊಸ ಮೇಲ್ ಬಂದೊಡನೆ ತಿಳಿಸಲು ಇಂಥ ಕೆಲವು ಆ್ಯಪ್‌ಗಳ ಸರ್ವರ್ ಹಗಲಿರುಳು ನಿಮ್ಮ ಖಾತೆಗೆ ಲಾಗಿನ್ ಆಗುತ್ತಿರುತ್ತದೆ. ಅಂದರೆ ಪಾಸ್‌ವರ್ಡ್ ಅಲ್ಲಿ ಸಂಗ್ರಹವಾಗಿರಬೇಕು. ಆ ಸರ್ವರ್ ಎಲ್ಲಿದೆ, ಯಾರ ಉಸ್ತುವಾರಿಯಲ್ಲಿದೆ ಎಂಬುದು ಕಾಲೇಜಿಗೂ ತಿಳಿದಿರುವುದಿಲ್ಲ.

ಆ್ಯಪ್ ತಯಾರಕರು ದೊಡ್ಡವರಾದರೂ ಈ ಆಕ್ಷೇಪ ತಪ್ಪಿದ್ದಲ್ಲ. 2015ರ ಫೆಬ್ರವರಿಯಲ್ಲಿ ಯುರೋಪಿಯನ್ ಸಂಸತ್ತಿನ ತಂತ್ರಜ್ಞಾನ ವಿಭಾಗವು ಮೈಕ್ರೋಸಾಫ್ಟ್‌ನ ಔಟ್‌ಲುಕ್ ಮೊಬೈಲ್ ಆ್ಯಪನ್ನೇ ನಿರ್ಬಂಧಿಸಿ, ಅಳವಡಿಸಿಕೊಂಡಿದ್ದವರು ಪಾಸ್‌ವರ್ಡ್ ಬದಲಿಸುವಂತೆ ಸೂಚಿಸಿತ್ತು. ಲಾಗಿನ್ ವಿವರಗಳು ಹೊರಗಿನ ಸರ್ವರ್‌ಗೆ ಹೋಗುತ್ತಿದ್ದುದೇ ಕಾರಣ.

ಎರಡನೆಯ ಬಗೆಯ ಆ್ಯಪ್ ಪಾಸ್‌ವರ್ಡ್ ಕೇಳದೆ 'ಅನುಮತಿಸಿ' ಎಂಬ ಗುಂಡಿ ತೋರಿಸುತ್ತದೆ. ಗೂಗಲ್ 2022ರ ಮೇ 30ರಿಂದ ವೈಯಕ್ತಿಕ ಖಾತೆಗಳಲ್ಲಿ ಹಳೆಯ ಪದ್ಧತಿಯನ್ನು ಬಹುಮಟ್ಟಿಗೆ ನಿಲ್ಲಿಸಿದ ಬಳಿಕ ಇದೇ ರೂಢಿ. ಮೊದಲಿನದಕ್ಕಿಂತ ಇದು ಮೇಲು, ಸಂಶಯವಿಲ್ಲ. ಆದರೆ ಗುಂಡಿಯ ಮೇಲಿನ ಸಾಲುಗಳನ್ನು ಓದುವ ವ್ಯವಧಾನ ಯಾರಿಗಿದೆ? 'ಮೇಲ್ ಓದುವ, ಕಳುಹಿಸುವ, ಅಳಿಸುವ ಅಧಿಕಾರ' ಎಂದು ಅಲ್ಲಿ ಸ್ಪಷ್ಟವಾಗಿಯೇ ಬರೆದಿರುತ್ತದೆ. 2017ರ ಮೇ 3ರಂದು 'ಗೂಗಲ್ ಡಾಕ್ಸ್' ಎಂಬ ಹುಸಿ ಹೆಸರಿನ ಆ್ಯಪ್ ಇದೇ ಗುಂಡಿಯ ಮೂಲಕ ಮೇಲ್‌ಪೆಟ್ಟಿಗೆಗಳನ್ನು ಹೊಕ್ಕು, ಬಳಕೆದಾರರ ಪರಿಚಿತರಿಗೆಲ್ಲ ತನ್ನನ್ನೇ ರವಾನಿಸಿಕೊಂಡಿತು. ಗೂಗಲ್ ಸುಮಾರು ಒಂದು ಗಂಟೆಯಲ್ಲಿ ಅದನ್ನು ತಡೆಯಿತಾದರೂ, ಅಷ್ಟರಲ್ಲಿ ಅದು ಹತ್ತು ಲಕ್ಷದಷ್ಟು ಬಳಕೆದಾರರನ್ನು ತಲುಪಿತ್ತು.

ಇಂಥ ಅನುಮತಿ, ಪಾಸ್‌ವರ್ಡ್ ಬದಲಿಸಿದ ಮಾತ್ರಕ್ಕೆ ಎಲ್ಲ ಸೇವೆಗಳಲ್ಲೂ ರದ್ದಾಗುವುದಿಲ್ಲ. ಖಾತೆಯ ಸುರಕ್ಷತಾ ಪುಟದಲ್ಲಿ ಹೊರಗಿನ ಆ್ಯಪ್‌ಗಳ ಪಟ್ಟಿಯನ್ನು ತೆರೆದು ತೆಗೆದುಹಾಕಬೇಕು. ಕಾಲೇಜು ತನ್ನದೇ ಡೊಮೈನ್ ಹೊಂದಿದ್ದರೆ, ಅಪರಿಚಿತ ಆ್ಯಪ್‌ಗಳನ್ನು ಒಟ್ಟಾಗಿ ನಿರ್ಬಂಧಿಸುವ ಸೌಲಭ್ಯ ಗೂಗಲ್, ಮೈಕ್ರೋಸಾಫ್ಟ್ ಎರಡರ ಆಡಳಿತ ಪುಟಗಳಲ್ಲೂ ಇದೆ. ಹೊಣೆಯನ್ನೆಲ್ಲ ವಿದ್ಯಾರ್ಥಿಯ ಮೇಲೆ ಹೊರಿಸುವ ಮುನ್ನ ಸಂಸ್ಥೆಗಳು ಮಾಡಬೇಕಾದ ಕೆಲಸವಿದು.

ತಾಲ್ಲೂಕು ಕೇಂದ್ರಗಳಲ್ಲಿ ಇನ್ನೊಂದು ಸಂಗತಿಯೂ ಇದೆ. ಅರ್ಜಿ ತುಂಬಿಸಲು ಹೋದಾಗ ಸೈಬರ್ ಸೆಂಟರ್‌ನವರೇ ವಿಳಾಸ ತೆರೆದು ಪಾಸ್‌ವರ್ಡ್ ಬರೆದುಕೊಟ್ಟಿದ್ದರೆ, ಅದನ್ನು ಕೂಡಲೇ ಬದಲಿಸಿ, ಮರುಪ್ರಾಪ್ತಿಯ ಮೊಬೈಲ್ ಸಂಖ್ಯೆ ತಮ್ಮದೇ ಎಂದು ಖಚಿತಪಡಿಸಿಕೊಳ್ಳಬೇಕು. ಇನ್ನೊಬ್ಬರ ಪಾಸ್‌ವರ್ಡನ್ನು ವಂಚನೆಯಿಂದ ಬಳಸುವುದು ಮಾಹಿತಿ ತಂತ್ರಜ್ಞಾನ ಕಾಯ್ದೆ, 2000ರ 66ಸಿ ಕಲಮಿನಡಿ ಮೂರು ವರ್ಷಗಳವರೆಗಿನ ಸಜೆ ಹಾಗೂ ಒಂದು ಲಕ್ಷ ರೂ.ವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಹಣ ಕಳೆದುಕೊಂಡವರು ತಡಮಾಡದೆ 1930ಕ್ಕೆ ಕರೆ ಮಾಡಬಹುದು.