ಗುಜರಿ ತಂತಿಯ ಚೀಲ, ಬೂರಿನ ಬುಟ್ಟಿ

ಆಸ್ಟ್ರೇಲಿಯಾದ ಕಲಾವಿದೆ ಲೊರೈನ್ ಕಾನೆಲಿ-ನಾರ್ದಿ ಗುಜರಿ ಲೋಹದಲ್ಲಿ ಚೀಲ ಮಾಡುತ್ತಾರೆ. ಅವರ ತಾಯಿಯ ಕಡೆಯವರು ವಿರಾಡ್ಜುರಿ ಮೂಲನಿವಾಸಿಗಳು. ಆ ಜನ ನಾರಿನಿಂದ ಹೆಣೆಯುತ್ತಿದ್ದ ‘ನರ್‌ಬಾಂಗ್’ ಚೀಲದ ಆಕಾರವನ್ನು ಇವರು ಬೇಲಿತಂತಿ, ಮುಳ್ಳುತಂತಿ, ತುಕ್ಕು ಹಿಡಿದ ತಗಡಿನಲ್ಲಿ ತರುತ್ತಾರೆ. ಮೂಲನಿವಾಸಿಗಳನ್ನು ಅವರದೇ ನೆಲದಿಂದ ಹೊರಗಿಟ್ಟದ್ದು ಇಂಥದೇ ತಂತಿಯ ಬೇಲಿ. ಆ ಚೀಲದ ಮುಂದೆ ನಿಂತವರಿಗೆ ಜಮೀನಿನ ಪ್ರಶ್ನೆಯನ್ನು ಬೇರೆಯಾಗಿ ವಿವರಿಸಬೇಕಾಗಿಲ್ಲ.

ನಮ್ಮ ಕಲ್ಯಾಣಪುರ, ಕಾಪು, ಕಾರ್ಕಳದ ಕಡೆ ಇದೇ ಪ್ರಶ್ನೆಯನ್ನು ಕೊರಗ ಬುಡಕಟ್ಟಿನವರ ಬುಟ್ಟಿ ಹೊತ್ತಿದೆ. ಅದು ಹೇಗೆ ಎಂದು ತಿಳಿಯಲು ಹೆಣಿಗೆಯಿಂದಲೇ ಶುರು ಮಾಡಬೇಕು.

ಬುಟ್ಟಿಗೆ ಬೇಕಾದದ್ದು ಬಿದಿರು ಮತ್ತು ಕಾಡಿನ ಬಳ್ಳಿ, ಅಂದರೆ ಬೂರು. ಬಲಿತ ಬಿದಿರನ್ನು ಸೀಳಿ, ಒಳಗಿನ ಮೆದು ಭಾಗ ಹೆರೆದು ತೆಗೆಯುತ್ತಾರೆ. ಎಳೆಯದಾದರೆ ಬೇಗ ಹುಳ ಹಿಡಿಯುತ್ತದೆ. ಬಳ್ಳಿಯನ್ನು ಹಸಿಯಿರುವಾಗಲೇ ಬಾಗಿಸಬೇಕು, ಒಣಗಿದರೆ ನೀರಲ್ಲಿ ನೆನೆಸಬೇಕು. ಅಡ್ಡಕ್ಕೂ ಉದ್ದಕ್ಕೂ ಸೀಳುಗಳನ್ನಿಟ್ಟು ತಳ ಕಟ್ಟಿ, ಅವನ್ನೇ ಮೇಲಕ್ಕೆ ಮಡಿಸಿ, ಒಂದರ ಮೇಲೆ ಒಂದರ ಕೆಳಗೆ ಹೆಣೆಯುತ್ತಾ ಬರುತ್ತಾರೆ. ಕೊನೆಗೆ ಕಂಠಕ್ಕೆ ದಪ್ಪ ಬಳ್ಳಿ ಸುತ್ತಿ ಬಿಗಿಯುತ್ತಾರೆ. ಗೊಬ್ಬರ ತುಂಬಿ ತಲೆಗೇರಿಸುವಾಗ ಎಳೆತವೆಲ್ಲ ಬೀಳುವುದು ಆ ಕಂಠದ ಮೇಲೆ. ಕೊಳ್ಳುವವರು ಅದನ್ನೇ ಮೊದಲು ಹಿಡಿದು ನೋಡಬೇಕು.

ಪ್ಲಾಸ್ಟಿಕ್ ಬಂದ ಮೇಲೆ ಬುಟ್ಟಿಯ ಗಿರಾಕಿ ಕಡಿಮೆಯಾದದ್ದು ಎಲ್ಲರೂ ಬಲ್ಲ ಸಂಗತಿ. ಅದಕ್ಕಿಂತ ದೊಡ್ಡ ತೊಡಕು ಕಚ್ಚಾಸಾಮಗ್ರಿಯದು. ಬಳ್ಳಿ ಇರುವುದು ಕಾಡಿನಲ್ಲಿ. ಸ್ವಂತ ನೆಲವಿಲ್ಲದವರು ಬಿದಿರಿನ ಹಿಂಡು ಬೆಳೆಸುವುದಾದರೂ ಎಲ್ಲಿ?

ಕೊರಗರು ಇದನ್ನು ಬಹಿರಂಗವಾಗಿಯೇ ಕೇಳಿದರು. 1993ರ ಆಗಸ್ಟ್ 18ರಂದು ಮಂಗಳೂರಿನಲ್ಲಿ ಜಮೀನಿಗಾಗಿ ಮೆರವಣಿಗೆ ನಡೆಸಿದರು. ಆ ದಿನದ ನೆನಪಿಗೆ ಈಗಲೂ ‘ಭೂಮಿ ಹಬ್ಬ’ ಆಚರಿಸುತ್ತಾರೆ. ಕೊರಗರ ಬಗ್ಗೆ ಮರುವರ್ಷ ಬಂದ ಡಾ. ಮಹಮ್ಮದ್ ಪೀರ್ ವರದಿ ಪ್ರತಿ ಕುಟುಂಬಕ್ಕೆ ಎರಡೂವರೆ ಎಕರೆ ಕೃಷಿಭೂಮಿ ಕೊಡಬೇಕೆಂದಿತು. ಜೊತೆಗೇ ಮಾನದ ಹೋರಾಟವೂ ನಡೆಯಿತು. ಕೂದಲು, ಉಗುರು ಬೆರೆಸಿದ ಅನ್ನವನ್ನು ಕೊರಗರಿಗೆ ತಿನ್ನಿಸುವಂಥ ಅಜಲು ಪದ್ಧತಿಯನ್ನು ಕರ್ನಾಟಕ 2000ದಲ್ಲಿ ಕಾಯ್ದೆ ಮಾಡಿ ನಿಷೇಧಿಸಿತು. ಅಷ್ಟು ತಡವಾಗಿ ನಿಷೇಧಿಸಬೇಕಾಯಿತು ಎನ್ನುವುದೇ ನಮ್ಮ ಕರಾವಳಿಗೆ ನಾಚಿಕೆಯ ಮಾತು.

ಇನ್ನು ಕಾಡಿನ ಹಕ್ಕು. 2006ರ ಅರಣ್ಯ ಹಕ್ಕು ಕಾಯ್ದೆಯ ಪ್ರಕಾರ ಸಾಂಪ್ರದಾಯಿಕವಾಗಿ ಸಂಗ್ರಹಿಸುತ್ತಾ ಬಂದ ಕಿರು ಅರಣ್ಯ ಉತ್ಪನ್ನದ ಮೇಲೆ ಬುಡಕಟ್ಟು ಜನರಿಗೆ ಒಡೆತನವಿದೆ. ಬಿದಿರು, ಬೆತ್ತದ ಹೆಸರು ಕಾಯ್ದೆಯಲ್ಲೇ ಇದೆ. ಸಸ್ಯಮೂಲದ ಎಲ್ಲ ಮರಮುಟ್ಟಲ್ಲದ ಉತ್ಪನ್ನವೂ ಸೇರುವುದರಿಂದ ಬಳ್ಳಿಯೂ ಅದರಲ್ಲಿ ಬರುತ್ತದೆ. ಸಮುದಾಯದ ಹಕ್ಕಿಗೆ ‘ನಮೂನೆ ಬಿ’ ತುಂಬಿ ಗ್ರಾಮಸಭೆಗೆ ಕೊಡಬೇಕು. ಅರಣ್ಯ ಹಕ್ಕು ಸಮಿತಿ ಸ್ಥಳ ಪರಿಶೀಲಿಸುತ್ತದೆ, ಗ್ರಾಮಸಭೆ ನಿರ್ಣಯ ಮಾಡುತ್ತದೆ. ಆಮೇಲೆ ಅರ್ಜಿ ಉಪವಿಭಾಗ ಸಮಿತಿಗೆ, ಅಲ್ಲಿಂದ ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಜಿಲ್ಲಾ ಸಮಿತಿಗೆ ಹೋಗುತ್ತದೆ. ಕಾಗದಪತ್ರವಿಲ್ಲ ಎಂದು ಹೆದರಬೇಕಾಗಿಲ್ಲ. ಅರ್ಜಿದಾರರಲ್ಲದ ಊರ ಹಿರಿಯರ ಹೇಳಿಕೆಯನ್ನು ಬರೆಸಿಕೊಟ್ಟರೆ ಅದೂ ಒಂದು ಪುರಾವೆ. ಅದರ ಜೊತೆ ಇನ್ನೊಂದು ಬಗೆಯ ಪುರಾವೆ ಇರಬೇಕು. ಕೊರಗರಂಥ ಅತಿ ದುರ್ಬಲ ಬುಡಕಟ್ಟುಗಳಿಗೆ ವಾಸನೆಲೆಯ ಹಕ್ಕು ಕೇಳುವ ಅವಕಾಶ ಪ್ರತ್ಯೇಕವಾಗಿ ಇದೆ.

ಕಾಡಿನ ಹೊರಗೆ ಬೆಳೆದ ಬಿದಿರಿನ ಕಥೆ ಇನ್ನೂ ಸರಳ. 2017ರ ತಿದ್ದುಪಡಿಯ ನಂತರ ಕೇಂದ್ರದ ಭಾರತೀಯ ಅರಣ್ಯ ಕಾಯ್ದೆಯ ಲೆಕ್ಕದಲ್ಲಿ ಅದು ‘ಮರ’ವಲ್ಲ. ತೋಟದ ಅಂಚಿನಲ್ಲಿ ಹಿಂಡು ಇರುವವರು ಬಲಿತ ಗಳುಗಳನ್ನು ಹೆಣೆಯುವವರಿಗೆ ಕೊಡಬಹುದು.

ಬುಟ್ಟಿ ಬೇಕಾದವರು ಹೆಣೆಯುವವರಿಗೇ ನೇರವಾಗಿ, ಮಳೆಗಾಲಕ್ಕೆ ಮೊದಲೇ ಹೇಳಿಡುವುದು ಒಳ್ಳೆಯದು. ಅಡಿಕೆಗೋ ಗೊಬ್ಬರಕ್ಕೋ ಎಂದು ತಿಳಿಸಿದರೆ ಕಣ್ಣಿಯ ಅಂತರ ಅದಕ್ಕೆ ತಕ್ಕಂತೆ ಬರುತ್ತದೆ. ಬಳ್ಳಿ ಹುಡುಕಿ ತರುವುದಕ್ಕೇ ದಿನ ಹೋಗುತ್ತದೆ. ಆ ದಿನದ ಕೂಲಿಯನ್ನು ಬೆಲೆಯಲ್ಲಿ ಸೇರಿಸಿ, ಒಂದಿಷ್ಟು ಮುಂಗಡವಾಗಿಯೇ ಕೊಡಿ. ಮನೆಗೆ ತಂದ ಬುಟ್ಟಿಯನ್ನು ಒಲೆಯ ಹೊಗೆ ತಾಗುವಲ್ಲಿ ಇಟ್ಟರೆ ಹುಳದ ಕಾಟ ಕಡಿಮೆ.