ಎರಡು ಕಾಗದಗಳಿಗಾಗಿ ಕಾಯುವ ಹಿರಿಯ ವಿದ್ಯಾರ್ಥಿಗಳು

ಏಪ್ರಿಲ್ ಎಂದರೆ ನಮ್ಮ ಬೆಳೆಗಾರರಿಗೆ ಆಕಾಶ ನೋಡುವ ತಿಂಗಳು. ಕಾಫಿಗೆ ಹೂಮಳೆಯೊಂದೇ ಬಂದರೆ ಸಾಲದು. ಅರಳಿದ ಹೂವು ಕಾಯಿ ಕಚ್ಚಬೇಕಾದರೆ ಹಿಂದೆಯೇ ಬ್ಯಾಕಿಂಗ್ ಮಳೆಯೂ ಆಗಬೇಕು. ಮೊದಲನೆಯದು ಬಂದು ಎರಡನೆಯದು ತಪ್ಪಿದ ವರ್ಷದ ನಷ್ಟ ಎಂಥದೆಂಬುದನ್ನು ಸದಸ್ಯ ಬಾಂಧವರಿಗೆ ನಾವು ವಿವರಿಸಬೇಕಾಗಿಲ್ಲ.

2025ರ ಏಪ್ರಿಲ್ ಕೊನೆಯ ವಾರದಲ್ಲಿ ಕೊಪ್ಪ ತಾಲ್ಲೂಕಿನ ನಮ್ಮ ಸದಸ್ಯರೊಬ್ಬರು ಕಚೇರಿಗೆ ಬಂದರು. ಗೋದಾಮಿನಲ್ಲಿಟ್ಟ ಅಡಿಕೆಯ ಮೇಲೆ ಎಷ್ಟು ಮುಂಗಡ ಸಿಗಬಹುದೆಂದು ವಿಚಾರಿಸಿದರು. ಯಾವ ಖರ್ಚಿಗೆಂದು ಕೇಳಿದೆವು.

“ತಂಗಿಯ ಕಾಲೇಜು ಫೀಸಿಗೆ.”

“ನಿಮ್ಮ ತಂಗಿಗೆ ಮದುವೆಯಾಗಿ ಅಮೆರಿಕಕ್ಕೆ ಹೋಗಿ ಎಷ್ಟೋ ವರ್ಷವಾಯಿತಲ್ಲ?”

“ಹೌದು ಸ್ವಾಮಿ. ಅವಳಿಗೀಗ ನಲವತ್ತು. ಯೂನಿವರ್ಸಿಟಿಯಲ್ಲಿ ಸೀಟು ಸಿಕ್ಕಿದೆ. ದುಡ್ಡಿನ ಕಾಗದ ಮಾತ್ರ ಸರಿಯಾಗಿ ಬಂದಿಲ್ಲ.”

ಆ ದಿನ ಅವರು ಹೇಳಿದ ಸಂಗತಿ ನಮ್ಮನ್ನು ಯೋಚನೆಗೆ ಹಚ್ಚಿತು. ನಮ್ಮ ಸೀಮೆಯಿಂದ ಹೊರದೇಶಕ್ಕೆ ಹೋದ ಹೆಣ್ಣುಮಕ್ಕಳಲ್ಲಿ ಓದು ಅರ್ಧಕ್ಕೆ ಬಿಟ್ಟವರು ಹಲವರಿದ್ದಾರೆ. ಅವರಿಗೂ ಅವರ ತೌರಿನವರಿಗೂ ಉಪಯೋಗವಾದೀತೆಂದು, ಆ ಅಣ್ಣತಂಗಿಯರ ಒಪ್ಪಿಗೆ ಪಡೆದು, ಹೆಸರು ಬಿಟ್ಟು ಇಲ್ಲಿ ಬರೆಯುತ್ತಿದ್ದೇವೆ.

ಎರಡು ಮೆಟ್ಟಿಲಿನ ಓದು

ಈ ಹೆಣ್ಣುಮಗಳು ಬಿ.ಕಾಂ. ಎರಡನೆಯ ವರ್ಷ ಮುಗಿಸಿದಾಗ ಮದುವೆಯಾಯಿತು. ಗಂಡನ ಕೆಲಸದ ನಿಮಿತ್ತ ಕ್ಯಾಲಿಫೋರ್ನಿಯಾ ಸೇರಿದರು. ಇಬ್ಬರು ಮಕ್ಕಳಾದರು. ಮನೆಯವರೆಲ್ಲರಿಗೂ ಗ್ರೀನ್ ಕಾರ್ಡ್ ಬಂದ ಮೇಲೆ, ಮೂವತ್ತಾರನೆಯ ವಯಸ್ಸಿನಲ್ಲಿ, ಮನೆಗೆ ಹತ್ತಿರದ ಕಮ್ಯುನಿಟಿ ಕಾಲೇಜಿನಲ್ಲಿ ಸಂಜೆಯ ತರಗತಿಗೆ ಹೆಸರು ಹಚ್ಚಿದರು.

ಕಮ್ಯುನಿಟಿ ಕಾಲೇಜು ಎಂದರೆ ಎರಡು ವರ್ಷದ ಪಾಠ ಹೇಳುವ ಸಾರ್ವಜನಿಕ ಕಾಲೇಜು. ಅಮೆರಿಕದಲ್ಲಿ ಇಂಥ ಕಾಲೇಜುಗಳ ಪೈಕಿ ಹಳೆಯದು ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಆರಂಭವಾಯಿತು. ಕ್ಯಾಲಿಫೋರ್ನಿಯಾ ಒಂದರಲ್ಲೇ ಈಗ 116 ಇವೆ. ಮೊದಲೆರಡು ವರ್ಷ ಇಲ್ಲಿ ಓದಿ, ಮುಂದಿನೆರಡು ವರ್ಷಕ್ಕೆ ವಿಶ್ವವಿದ್ಯಾನಿಲಯಕ್ಕೆ ವರ್ಗವಾಗುವ ಪದ್ಧತಿಯನ್ನು ಆ ರಾಜ್ಯ 1960ರ ತನ್ನ ಉನ್ನತ ಶಿಕ್ಷಣ ಯೋಜನೆಯಲ್ಲೇ ಗಟ್ಟಿಮಾಡಿತು. ಹೀಗೆ ವರ್ಗವಾಗುವವರಿಗೆ ಅಲ್ಲಿ ಟ್ರಾನ್ಸ್‌ಫರ್ ವಿದ್ಯಾರ್ಥಿ ಎನ್ನುತ್ತಾರೆ.

ಖರ್ಚಿನಲ್ಲಿ ಅಂತರ ಬಹಳ. ರಾಜ್ಯದ ನಿವಾಸಿಗೆ ಕಮ್ಯುನಿಟಿ ಕಾಲೇಜಿನ ಶುಲ್ಕ ಯೂನಿಟ್ಟಿಗೆ 46 ಡಾಲರ್. ವರ್ಗವಾಗಲು ಬೇಕಾದ 60 ಸೆಮಿಸ್ಟರ್ ಯೂನಿಟ್ಟಿಗೆ ಒಟ್ಟು 2,760 ಡಾಲರ್ ಆಯಿತು. ಕಡಿಮೆ ಆದಾಯದವರಿಗೆ ಇದೂ ಮಾಫಿಯಾಗುವುದುಂಟು. ಅದೇ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯದಲ್ಲಿ ಒಂದು ವರ್ಷದ ಶುಲ್ಕವೇ ಸುಮಾರು 15 ಸಾವಿರ ಡಾಲರ್. ಪುಸ್ತಕ, ಪ್ರಯಾಣ, ಮನೆ ಬಾಡಿಗೆ ಬೇರೆ. ಮೊದಲ ಮೆಟ್ಟಿಲು ಹತ್ತಲು ಮನಸ್ಸು ಮಾಡಿದರೆ ಸಾಕು. ಎರಡನೆಯದಕ್ಕೆ ಸೀಟೂ ಬೇಕು, ಹಣವೂ ಬೇಕು.

ವಯಸ್ಸಾದವರು ಕಾಲೇಜಿಗೆ ಬರುವುದು ಆ ದೇಶಕ್ಕೆ ಹೊಸದಲ್ಲ. ಎರಡನೆಯ ಮಹಾಯುದ್ಧದಿಂದ ಮರಳಿದ ಸೈನಿಕರಿಗೆ 1944ರ ಕಾನೂನು ಓದಿನ ಖರ್ಚು ಕೊಟ್ಟಿತು. 1947ರ ಹೊತ್ತಿಗೆ ಕಾಲೇಜು ಸೇರಿದವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಇಂಥ ಮಾಜಿ ಸೈನಿಕರೇ. ಅದೇ ವರ್ಷ ಕೊಲಂಬಿಯಾ ವಿಶ್ವವಿದ್ಯಾನಿಲಯ ಇಂಥವರಿಗಾಗಿ ಜನರಲ್ ಸ್ಟಡೀಸ್ ಎಂಬ ವಿಭಾಗವನ್ನು ಸ್ಥಾಪಿಸಿತು. ಓದು ಬಿಟ್ಟ ಹೆಂಗಸರಿಗಾಗಿ ಸ್ಮಿತ್ ಕಾಲೇಜು 1975ರಲ್ಲಿ ಬೇರೆಯೇ ಏರ್ಪಾಡು ಮಾಡಿತು. ಬಾಗಿಲು ತೆರೆದಿದೆ ನಿಜ. ಆದರೆ ಬಾಗಿಲಲ್ಲಿ ಕಾಯುವ ಹೊತ್ತು ಹದಿನೆಂಟರ ಹುಡುಗನಿಗೂ ನಲವತ್ತರ ಗೃಹಿಣಿಗೂ ಒಂದೇ ಆಗಲಾರದು. ಹುಡುಗನಿಗೆ ಒಂದು ವರ್ಷ ಹೋದರೆ ಇನ್ನೊಂದಿದೆ. ಈಕೆಗೆ ಮಕ್ಕಳ ಶಾಲೆ, ಮನೆಯ ಬಾಡಿಗೆ, ಗಂಡನ ಕೆಲಸ ಎಲ್ಲವೂ ಆ ಒಂದು ಕಾಗದಕ್ಕೆ ಗಂಟುಬಿದ್ದಿರುತ್ತವೆ.

ಅಟ್ಟದ ಮೇಲಿನ ಮಾರ್ಕ್ಸ್ ಕಾರ್ಡು

ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯಕ್ಕೆ ವರ್ಗಾವಣೆಯ ಅರ್ಜಿಯನ್ನು ಅಕ್ಟೋಬರ್, ನವೆಂಬರ್ ತಿಂಗಳುಗಳಲ್ಲಿ ಹಾಕಬೇಕು. ಜನವರಿಯಲ್ಲಿ ಹೊಸ ಅಂಕಗಳನ್ನು ತುಂಬಿ ಕಳಿಸಬೇಕು. ಏಪ್ರಿಲ್ ಮುಗಿಯುವುದರೊಳಗೆ ಉತ್ತರ ಬರುತ್ತದೆ. ಸೇರುವವರು ಜೂನ್ 1ರೊಳಗೆ ಒಪ್ಪಿಗೆ ತಿಳಿಸಬೇಕು.

ಅರ್ಜಿಯಲ್ಲಿ ಹಿಂದೆ ಓದಿದ ಕಾಲೇಜುಗಳನ್ನೆಲ್ಲ ನಮೂದಿಸಲೇಬೇಕು. ಇಪ್ಪತ್ತು ವರ್ಷದ ಹಿಂದಿನದಾದರೂ, ಬೇರೆ ದೇಶದ್ದಾದರೂ ಬಿಡುವಂತಿಲ್ಲ. 2024ರ ನವೆಂಬರಿನಲ್ಲಿ ತಂಗಿಯ ಫೋನು ಬಂದಾಗ ನಮ್ಮ ಸದಸ್ಯರು ಅಟ್ಟ ಹತ್ತಿದರು. ಹಳೆಯ ಟ್ರಂಕಿನಲ್ಲಿ, ಮದುವೆಯ ಲಗ್ನಪತ್ರಿಕೆಗಳ ಕೆಳಗೆ, ಬಿ.ಕಾಂ. ಮೊದಲ ವರ್ಷದ ಅಂಕಪಟ್ಟಿ ಸಿಕ್ಕಿತು. ಎರಡನೆಯ ವರ್ಷದ್ದು ಗೆದ್ದಲಿಗೆ ಹೋಗಿತ್ತು. ಅದರ ನಕಲಿಗಾಗಿ ಅವರು ಕಚೇರಿಗೆ ಮೂರು ಸಲ ಅಲೆದರು. ಅಡಿಕೆ ಕೊಯ್ಲಿನ ನಡುವೆ ಮೂರು ದಿನ ಹೋಯಿತು. ಆದರೂ ಸಿಕ್ಕಿತು.

ಇಷ್ಟಾಗಿಯೂ ಇಲ್ಲಿಯ ಎರಡು ವರ್ಷದ ಓದಿನಲ್ಲಿ ಅಲ್ಲಿ ಲೆಕ್ಕಕ್ಕೆ ಬಂದದ್ದು ಸ್ವಲ್ಪವೇ. ಇದು ಇವರೊಬ್ಬರ ಪಾಡಲ್ಲ. ಅಮೆರಿಕದೊಳಗೇ ಕಾಲೇಜು ಬದಲಿಸಿದವರು ಸರಾಸರಿ ನೂರಕ್ಕೆ 43ರಷ್ಟು ಕ್ರೆಡಿಟ್ಟುಗಳನ್ನು ಕಳೆದುಕೊಳ್ಳುತ್ತಾರೆಂದು ಆ ದೇಶದ ಸಂಸತ್ತಿನ ಲೆಕ್ಕ ತಪಾಸಣಾ ಕಚೇರಿ 2017ರ ವರದಿಯಲ್ಲಿ ಅಂದಾಜು ಮಾಡಿತ್ತು. ನೂರು ಮೂಟೆ ತೂಕಕ್ಕೆ ಹಾಕಿದವನ ಚೀಟಿಯಲ್ಲಿ 57 ಮಾತ್ರ ಬರೆದಂತಾಯಿತು. ಹೀಗಾಗದಿರಲು ಯಾವ ಕಾಲೇಜಿನ ಯಾವ ಪಾಠವನ್ನು ಯಾವ ವಿಶ್ವವಿದ್ಯಾನಿಲಯ ಒಪ್ಪುತ್ತದೆಂಬ ಪಟ್ಟಿಯನ್ನು ಕ್ಯಾಲಿಫೋರ್ನಿಯಾದಲ್ಲಿ ಪ್ರಕಟಿಸಿರುತ್ತಾರೆ. ಪಾಠಕ್ಕೆ ಸೇರುವ ಮೊದಲೇ ಆ ಪಟ್ಟಿ ನೋಡಿಕೊಂಡವರು ಜಾಣರು.

ಹಣದ ಕಾಗದ

ಸೀಟಿನ ಅರ್ಜಿ ಒಂದು ಕಡೆ, ಹಣಸಹಾಯದ ಅರ್ಜಿ ಇನ್ನೊಂದು ಕಡೆ. ಹಣಸಹಾಯದ ಕೇಂದ್ರ ಸರ್ಕಾರದ ಅರ್ಜಿಗೆ ಫ್ಯಾಫ್ಸಾ ಎಂದು ಹೆಸರು. ಇದರ ಮೂಲಕ ಸಿಗುವ ಮುಖ್ಯ ಸಹಾಯವೇ ಪೆಲ್ ಗ್ರಾಂಟ್. 1972ರಲ್ಲಿ ಬೇರೆ ಹೆಸರಿನಿಂದ ಹುಟ್ಟಿದ ಈ ಯೋಜನೆಗೆ 1980ರಲ್ಲಿ ಸೆನೆಟರ್ ಕ್ಲೇಬೋರ್ನ್ ಪೆಲ್ ಅವರ ಹೆಸರಿಟ್ಟರು. ಇದು ಸಾಲವಲ್ಲ, ತೀರಿಸಬೇಕಾಗಿಲ್ಲ. 2025-26ನೆಯ ಸಾಲಿಗೆ ಗರಿಷ್ಠ ಮೊತ್ತ 7,395 ಡಾಲರ್.

ನಮ್ಮವರು ಗಮನಿಸಬೇಕಾದ ನಿಯಮಗಳು ಇವು:

ಒಂದು: ಪೆಲ್ ಗ್ರಾಂಟಿಗೆ ವಯಸ್ಸಿನ ಮಿತಿ ಇಲ್ಲ. ಆದರೆ ಒಬ್ಬರಿಗೆ ಜೀವಮಾನದಲ್ಲಿ ಹನ್ನೆರಡು ಪೂರ್ಣ ಸೆಮಿಸ್ಟರಿನಷ್ಟು ಮಾತ್ರ ಸಿಗುತ್ತದೆ.

ಎರಡು: 24 ತುಂಬಿದವರನ್ನೂ ಮದುವೆಯಾದವರನ್ನೂ ಸ್ವತಂತ್ರ ವಿದ್ಯಾರ್ಥಿ ಎಂದು ಎಣಿಸುತ್ತಾರೆ. ತಂದೆತಾಯಿಯ ಆದಾಯ ಕೇಳುವುದಿಲ್ಲ. ಆದರೆ ಗಂಡನ ಅಥವಾ ಹೆಂಡತಿಯ ಆದಾಯ ಲೆಕ್ಕಕ್ಕೆ ಬರುತ್ತದೆ.

ಮೂರು: ಅಮೆರಿಕದ ಪೌರರಿಗೆ, ಗ್ರೀನ್ ಕಾರ್ಡ್ ಇದ್ದವರಿಗೆ ಮತ್ತು ಇನ್ನು ಕೆಲವು ವರ್ಗದವರಿಗೆ ಮಾತ್ರ ಇದು ದೊರೆಯುತ್ತದೆ. ಗಂಡನ ಕೆಲಸದ ವೀಸಾದ ಮೇಲೆ ಅವಲಂಬಿತರಾಗಿ ಹೋದವರು ಓದಬಹುದು, ಈ ಹಣ ಮಾತ್ರ ಸಿಗುವುದಿಲ್ಲ.

ನಾಲ್ಕು: ಒಮ್ಮೆ ಪದವಿ ಪಡೆದವರಿಗೆ ಪೆಲ್ ಗ್ರಾಂಟ್ ಇಲ್ಲ. ನಮ್ಮ ದೇಶದ ಪದವಿಯೂ ಪದವಿಯೇ. ಅದನ್ನು ಮುಚ್ಚಿಟ್ಟು ಅರ್ಜಿ ಹಾಕಿದರೆ ಮುಂದೆ ದೊಡ್ಡ ತೊಂದರೆಗೆ ಸಿಕ್ಕಿಬೀಳಬೇಕಾಗುತ್ತದೆ.

ಐದು: ಲೆಕ್ಕಕ್ಕೆ ಹಿಡಿಯುವುದು ಎರಡು ವರ್ಷ ಹಿಂದಿನ ಆದಾಯ. 2025-26ರ ಅರ್ಜಿಗೆ 2023ರ ತೆರಿಗೆ ಕಾಗದ.

ಈ ಐದನೆಯ ನಿಯಮವೇ ನಮ್ಮ ಸದಸ್ಯರ ತಂಗಿಗೆ ಮುಳ್ಳಾಯಿತು. 2023ರಲ್ಲಿ ಗಂಡನಿಗೆ ಒಳ್ಳೆಯ ಸಂಬಳವಿತ್ತು. 2024ರಲ್ಲಿ ಕಂಪೆನಿ ಅವರನ್ನು ಕೆಲಸದಿಂದ ತೆಗೆಯಿತು. ಕೆಲಸ ಹೋದ ಮನೆಗೆ ಕೆಲಸವಿದ್ದ ವರ್ಷದ ಲೆಕ್ಕ. ಕಳೆದ ಸಲದ ಧಾರಣೆ ನೋಡಿ ಈ ಸಲದ ಬೆಳೆ ಅಳೆದ ಹಾಗೆ. ಸೀಟಿನ ಕಾಗದ ಬಂದ ಮರುವಾರ ಬಂದ ಹಣದ ಕಾಗದದಲ್ಲಿ ಇದ್ದದ್ದು ಹೆಚ್ಚಾಗಿ ಸಾಲವೇ.

ಇಂಥ ಕಾಗದ ಓದುವುದೂ ಒಂದು ವಿದ್ಯೆ. ಗ್ರಾಂಟು, ಸಾಲ, ಕ್ಯಾಂಪಸ್ಸಿನೊಳಗೆ ಕೆಲಸ ಮಾಡಿ ಗಳಿಸುವ ಹಣ, ಎಲ್ಲವನ್ನೂ ಕೂಡಿಸಿ ಒಂದೇ ಮೊತ್ತ ತೋರಿಸುವುದುಂಟು. ನೂರಕ್ಕೆ 91 ಕಾಲೇಜುಗಳ ಕಾಗದದಲ್ಲಿ ವಿದ್ಯಾರ್ಥಿ ಕೈಯಿಂದ ಹಾಕಬೇಕಾದ ನಿಜವಾದ ಖರ್ಚು ಇರುವುದೇ ಇಲ್ಲ, ಇಲ್ಲವೇ ಕಡಿಮೆ ಮಾಡಿ ತೋರಿಸಿರುತ್ತದೆಂದು ಮೇಲೆ ಹೇಳಿದ ತಪಾಸಣಾ ಕಚೇರಿಯೇ 2022ರಲ್ಲಿ ವರದಿ ಮಾಡಿತು. ಮಂಡಿಯ ಪಟ್ಟಿಯಲ್ಲಿ ಕಮಿಷನ್, ಹಮಾಲಿ ಕಳೆದು ಕೈಗೆ ಬರುವುದೆಷ್ಟೆಂದು ನೋಡುವ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಗ್ರಾಂಟನ್ನು ಮಾತ್ರ ಖರ್ಚಿನಿಂದ ಕಳೆಯಬೇಕು. ಉಳಿದದ್ದು ನಮ್ಮ ತಲೆಯ ಮೇಲಿನ ಭಾರ.

ಮುಂಗಡ ಬೇಡವೆಂದ ತಂಗಿ

ಅಣ್ಣ ಅಡಿಕೆ ಒತ್ತೆಯಿಟ್ಟು ಹಣ ಕಳಿಸುತ್ತೇನೆಂದಾಗ ತಂಗಿ ಒಪ್ಪಲಿಲ್ಲ. “ಅಣ್ಣಯ್ಯ, ನಿನ್ನ ಅಡಿಕೆ ನಿನ್ನ ಮಕ್ಕಳ ಓದಿಗಿರಲಿ. ಇಲ್ಲಿ ಕೇಳುವ ದಾರಿ ಒಂದಿದೆಯಂತೆ, ಕೇಳಿ ನೋಡುತ್ತೇನೆ” ಎಂದರಂತೆ.

ಆ ದಾರಿ ಕಾನೂನಿನಲ್ಲೇ ಇದೆ. ಕೆಲಸ ಹೋಗಿದ್ದರೆ, ಕಾಯಿಲೆಗೆ ದೊಡ್ಡ ಖರ್ಚಾಗಿದ್ದರೆ, ಸಂಗಾತಿ ತೀರಿಕೊಂಡಿದ್ದರೆ ಕಾಲೇಜಿನ ಹಣಸಹಾಯ ಕಚೇರಿ ಪ್ರತಿಯೊಬ್ಬರ ಸ್ಥಿತಿಯನ್ನು ಬೇರೆಯಾಗಿ ಪರಿಶೀಲಿಸಿ ಆದಾಯದ ಲೆಕ್ಕವನ್ನು ತಿದ್ದಬಹುದು. ತಾನಾಗಿ ತಿದ್ದುವುದಿಲ್ಲ. ವಿದ್ಯಾರ್ಥಿ ಕೇಳಬೇಕು, ಕೆಲಸದಿಂದ ತೆಗೆದ ಪತ್ರ ಮುಂತಾದ ದಾಖಲೆ ಕೊಡಬೇಕು. ಆ ಕಚೇರಿ ಕೊಟ್ಟದ್ದೇ ಕೊನೆಯ ತೀರ್ಮಾನ. ಅದರ ಮೇಲೆ ಕೇಂದ್ರ ಶಿಕ್ಷಣ ಇಲಾಖೆಗೆ ಮೇಲ್ಮನವಿ ಇಲ್ಲ.

ಮೇ ಮೊದಲ ವಾರ ದಾಖಲೆಗಳು ಹೋದವು. ಒಪ್ಪಿಗೆಯ ಗಡುವು ಜೂನ್ 1. ಮೇ ತಿಂಗಳಿಡೀ ಉತ್ತರವಿಲ್ಲ. ಇನ್ನೊಂದು ವರ್ಷ ಬಿಟ್ಟರೆ ಹೇಗೆಂದು ಗಂಡಹೆಂಡತಿ ಅನೇಕ ರಾತ್ರಿ ಲೆಕ್ಕ ಹಾಕಿದರು. ಬಿಟ್ಟರೆ ಮತ್ತೆ ಅರ್ಜಿ ಹಾಕಬೇಕು, ಸೀಟು ಸಿಕ್ಕೀತೆಂಬ ಭರವಸೆಯಿಲ್ಲ. ಇತ್ತ ಅವರ ತಾಯಿ ದಿನವೂ ಮಗನನ್ನು ಕೇಳುತ್ತಿದ್ದರು: “ಅವಳ ಕಾಗದ ಬಂತೇನೋ?” ಇಪ್ಪತ್ತು ವರ್ಷದ ಹಿಂದೆ ಮದುವೆಯ ಆತುರದಲ್ಲಿ ಮಗಳ ಓದು ಬಿಡಿಸಿದ್ದು ತಪ್ಪಾಯಿತೆಂಬ ಕೊರಗು ಆ ಮುದುಕಿಗೆ ಇದ್ದಿತೆಂಬುದು ಮಗನಿಗೂ ತಿಳಿದದ್ದು ಆಗಲೇ ಅಂತೆ.

ಮೇ 31ರಂದು, ಹಣದ ಉತ್ತರ ಬರುವ ಮೊದಲೇ, ಆಕೆ ಒಪ್ಪಿಗೆ ಕೊಟ್ಟು ಠೇವಣಿ ಕಟ್ಟಿದರು. ತಿದ್ದಿದ ಕಾಗದ ಬಂದದ್ದು ಜುಲೈಯಲ್ಲಿ. ಪೆಲ್ ಗ್ರಾಂಟಿನ ಒಂದು ಭಾಗವೂ ವಿಶ್ವವಿದ್ಯಾನಿಲಯದ ಸ್ವಂತ ಗ್ರಾಂಟೂ ಸೇರಿ ಶುಲ್ಕದ ಬಹುಪಾಲು ಇಳಿಯಿತು. ಉಳಿದದ್ದಕ್ಕೆ ಸರ್ಕಾರದ ವಿದ್ಯಾರ್ಥಿ ಸಾಲ ತೆಗೆದರು. ಆ ಹಂತದ ಸ್ವತಂತ್ರ ವಿದ್ಯಾರ್ಥಿಗೆ ವರ್ಷಕ್ಕೆ 12,500 ಡಾಲರ್ ವರೆಗೆ ಸಾಲ ಸಿಗುವುದಾದರೂ ಈಕೆ ತೆಗೆದದ್ದು ಅದರ ಅರ್ಧಕ್ಕಿಂತ ಕಡಿಮೆ. ಸೆಪ್ಟೆಂಬರಿನಲ್ಲಿ ಅರ್ಥಶಾಸ್ತ್ರದ ತರಗತಿ ಆರಂಭವಾಯಿತು.

ಎಲ್ಲವೂ ಸುಖಾಂತವೆಂದು ನಾವು ಹೇಳುವುದಿಲ್ಲ. ಸಾಲ ಸಾಲವೇ. ಕೇಳಿದವರಿಗೆಲ್ಲ ಲೆಕ್ಕ ತಿದ್ದಿಕೊಡುತ್ತಾರೆಂದೂ ಇಲ್ಲ. ಇದಕ್ಕೂ ಹಿಂದಿನ ಸಾಲಿನಲ್ಲಂತೂ ಫ್ಯಾಫ್ಸಾ ಅರ್ಜಿಯನ್ನೇ ಹೊಸದಾಗಿ ರೂಪಿಸಲು ಹೋಗಿ, ಅಕ್ಟೋಬರಿನಲ್ಲಿ ತೆರೆಯಬೇಕಾದದ್ದು 2023ರ ಡಿಸೆಂಬರ್ ಕೊನೆಗೆ ತೆರೆಯಿತು. ಕಾಲೇಜುಗಳಿಗೆ ವಿವರ ಮುಟ್ಟತೊಡಗಿದ್ದು 2024ರ ಮಾರ್ಚಿನಲ್ಲಿ. ಆ ವರ್ಷ ಕಾದವರ ಪಾಡು ಇನ್ನೂ ಕಷ್ಟದ್ದು.

ನಮ್ಮ ಮನೆಗಳ ಮಾತು

ಈ ವಿಷಯ ಅಮೆರಿಕಕ್ಕೆ ಹೋದವರದು ಮಾತ್ರವೆಂದು ತಿಳಿಯಬೇಕಾಗಿಲ್ಲ. ಮೈಸೂರು ವಿಶ್ವವಿದ್ಯಾನಿಲಯ 1969ರಲ್ಲೇ ಅಂಚೆ ಮೂಲಕ ಪಾಠ ಆರಂಭಿಸಿತು. ಅದರಿಂದಲೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯ ಬೆಳೆಯಿತು. ಒಂದು ಕಡೆ ಗಳಿಸಿದ ಕ್ರೆಡಿಟ್ಟನ್ನು ಇನ್ನೊಂದು ಕಡೆಗೆ ಒಯ್ಯಲು ಕ್ರೆಡಿಟ್ ಬ್ಯಾಂಕಿನ ಏರ್ಪಾಡನ್ನು ಯು.ಜಿ.ಸಿ. 2021ರಲ್ಲಿ ತಂದಿದೆ. ಅಲ್ಲಿ ಜಮೆಯಾದ ಕ್ರೆಡಿಟ್ಟಿಗೆ ಹೆಚ್ಚೆಂದರೆ ಏಳು ವರ್ಷದ ಆಯುಷ್ಯ. ದಾರಿಗಳು ಇಲ್ಲಿಯೂ ಇವೆ, ಗಡುವುಗಳೂ ಇವೆ.

ಆದುದರಿಂದ ಸದಸ್ಯ ಬಾಂಧವರಲ್ಲಿ ನಮ್ಮ ಬಿನ್ನಹ ಇಷ್ಟೇ. ಮನೆಯಲ್ಲಿ ಯಾರದಾದರೂ ಓದು ಅರ್ಧಕ್ಕೆ ನಿಂತಿದ್ದರೆ ಅವರ ಅಂಕಪಟ್ಟಿಗಳನ್ನು ಗೆದ್ದಲು ಮುಟ್ಟದ ಕಡೆ ಇಡಿ. ಮಗಳು ಮದುವೆಯಾಗಿ ಹೋಗುವಾಗ ಒಡವೆಯ ಜೊತೆಗೆ ಅವನ್ನೂ ಕೊಟ್ಟು ಕಳಿಸಿ. ವಯಸ್ಸಾದ ಮೇಲೆ ಓದುತ್ತೇನೆಂದವರನ್ನು ಈಗೇಕೆ ಎಂದು ಕೇಳಬೇಡಿ. ಸೀಟಿನ ಅರ್ಜಿ ಹಾಕಿದ ದಿನವೇ ಹಣದ ಅರ್ಜಿಯನ್ನೂ ಹಾಕಲು ಹೇಳಿ. ಬಂದ ಕಾಗದದಲ್ಲಿ ಲೆಕ್ಕ ತಪ್ಪಿದ್ದರೆ ಸುಮ್ಮನಿರದೆ ಕೇಳಲು ಹೇಳಿ.

ನಮ್ಮ ಸದಸ್ಯರ ಅಡಿಕೆ ಗೋದಾಮಿನಲ್ಲೇ ಉಳಿಯಿತು. ಅದೇ ಸೆಪ್ಟೆಂಬರಿನಲ್ಲಿ ಅವರು ಮತ್ತೆ ಕಚೇರಿಗೆ ಬಂದಾಗ ತಂಗಿಯ ವಿಷಯ ವಿಚಾರಿಸಿದೆವು. “ಮೊದಲ ಪರೀಕ್ಷೆ ಅಕ್ಟೋಬರಿನಲ್ಲಂತೆ. ನಮ್ಮಮ್ಮ ಈಗ ಅದಕ್ಕೆ ಕಾಯುತ್ತಿದ್ದಾರೆ” ಎಂದು ನಕ್ಕರು.