ಬೀಳುವ ಭಯದ ಭೌತವಿಜ್ಞಾನ

ಒಂದು ಸರಳ ಪ್ರಯೋಗ ಮಾಡಿ. ಬಲ ಪಾದದ ಹೊರ ಅಂಚು ಮತ್ತು ಬಲ ಭುಜ ಎರಡೂ ಗೋಡೆಗೆ ತಾಗುವಂತೆ ನಿಲ್ಲಿ. ಈಗ ಎಡಗಾಲನ್ನು ಮೇಲಕ್ಕೆತ್ತಿ ಹಾಗೆಯೇ ನಿಲ್ಲಲು ಪ್ರಯತ್ನಿಸಿ. ಸಾಧ್ಯವಾಗದು! ಒಂಟಿ ಕಾಲಿನ ಮೇಲೆ ನಿಲ್ಲಬೇಕಾದರೆ ದೇಹದ ಗುರುತ್ವ ಕೇಂದ್ರದಿಂದ ಎಳೆದ ಲಂಬರೇಖೆ ಆ ಪಾದದೊಳಗೆ ಬೀಳಬೇಕು. ಅದಕ್ಕಾಗಿ ಶರೀರ ತುಸು ಬಲಕ್ಕೆ ವಾಲಬೇಕು. ಗೋಡೆ ಅದಕ್ಕೆ ಅಡ್ಡಿಯಾಗಿದೆ.

ನಡೆಯುವಾಗ ಪ್ರತಿ ಹೆಜ್ಜೆಗೂ ನಾವು ಹೀಗೆ ವಾಲುತ್ತಿರುತ್ತೇವೆ, ಆದರೆ ಅದು ನಮ್ಮ ಗಮನಕ್ಕೆ ಬರುವುದಿಲ್ಲ. ಪಾರ್ಶ್ವವಾಯು (ಲಕ್ವ) ತಗಲಿ ಬಲಗಾಲು ಸೋತವರಿಗೆ ಗೋಡೆಯೇ ಬೇಕಿಲ್ಲ. ಬಲಗಾಲಿನ ಮೇಲೆ ಭಾರ ಹಾಕಲಾರದ್ದರಿಂದ ಚೆನ್ನಾಗಿರುವ ಎಡಗಾಲನ್ನು ಎತ್ತುವುದೂ ಅವರಿಗೆ ಕಷ್ಟ.

ನಿಲ್ಲುವುದೂ ಒಂದು ಕೆಲಸ

ನಿಂತ ಮನುಷ್ಯ ತಲೆಕೆಳಗಾದ ಲೋಲಕವಿದ್ದಂತೆ. 160 ಸೆಂ.ಮೀ. ಎತ್ತರದವರ ಗುರುತ್ವ ಕೇಂದ್ರ ನೆಲದಿಂದ ಸುಮಾರು 90 ಸೆಂ.ಮೀ. ಮೇಲಿರುತ್ತದೆ. ದೇಹದ ದ್ರವ್ಯರಾಶಿಯೆಲ್ಲ ಅಲ್ಲೇ ಇದೆಯೆಂದು ಭಾವಿಸೋಣ. ಈ ಎತ್ತರವನ್ನು ಗುರುತ್ವ ವೇಗೋತ್ಕರ್ಷದಿಂದ ಭಾಗಿಸಿ ವರ್ಗಮೂಲ ತೆಗೆದರೆ ಸುಮಾರು 0.3 ಸೆಕೆಂಡ್ ಬರುತ್ತದೆ. ಅಂದರೆ, ಸ್ವಲ್ಪ ವಾಲಿದ ದೇಹವನ್ನು ಯಾರೂ ತಡೆಯದಿದ್ದರೆ ಆ ವಾಲುವಿಕೆ 0.3 ಸೆಕೆಂಡಿಗೊಮ್ಮೆ ಹೆಚ್ಚುಕಡಿಮೆ 2.7 ಪಟ್ಟಾಗುತ್ತ ಹೋಗುತ್ತದೆ.

ಇಷ್ಟು ಕಡಿಮೆ ಅವಧಿಯಲ್ಲಿ ಕಣ್ಣು, ಒಳಕಿವಿ, ಪಾದ ಮತ್ತು ಕೀಲುಗಳಿಂದ ಸುದ್ದಿ ಮಿದುಳಿಗೆ ತಲಪಬೇಕು. ಅಲ್ಲಿಂದ ಹೊರಟ ಆಜ್ಞೆಯಂತೆ ಸ್ನಾಯುಗಳು ದೇಹವನ್ನು ಹಿಂದಕ್ಕೆ ತರಬೇಕು. ಪಾರ್ಶ್ವವಾಯುವಿನಲ್ಲಿ ಮಿದುಳಿನ ಒಂದು ಭಾಗಕ್ಕೆ ಹಾನಿಯಾಗಿ ಶರೀರದ ವಿರುದ್ಧ ಪಾರ್ಶ್ವ ಬಲಗುಂದುತ್ತದೆ. ಸ್ಪರ್ಶಜ್ಞಾನ ಮಂಕಾಗಬಹುದು, ಒಂದು ಬದಿಯ ದೃಷ್ಟಿ ಕುಂದಬಹುದು. ಸುದ್ದಿ ತಡವಾಗಿ ಬರುತ್ತದೆ, ಉತ್ತರ ದುರ್ಬಲವಾಗಿರುತ್ತದೆ. ಆದ್ದರಿಂದ ಬೀಳುವ ಭಯ ಕೇವಲ ಮನಸ್ಸಿನ ದೌರ್ಬಲ್ಯವಲ್ಲ, ಅದಕ್ಕೆ ಭೌತಿಕ ಕಾರಣವಿದೆ.

ಭಯ ಮಾಡುವ ಕೆಡುಕು

ಆರೋಗ್ಯವಂತರನ್ನೇ ಎತ್ತರದ ವೇದಿಕೆಯ ಅಂಚಿನಲ್ಲಿ ನಿಲ್ಲಿಸಿ ಪರೀಕ್ಷಿಸಿದ್ದಾರೆ. ಭಯವಾದಾಗ ಅವರ ಕಣಕಾಲಿನ ಮುಂದಿನ ಹಾಗೂ ಹಿಂದಿನ ಸ್ನಾಯುಗಳು ಒಟ್ಟಿಗೇ ಬಿಗಿಯುತ್ತವೆ. ದೇಹದ ತೂಗಾಟದ ಪಾರ ಕಡಿಮೆಯಾಗುತ್ತದೆ, ಆವೃತ್ತಿ ಹೆಚ್ಚುತ್ತದೆ. ಸ್ಪ್ರಿಂಗ್ ಬಿಗಿಯಾದಷ್ಟೂ ಕಂಪನ ವೇಗವಾಗುತ್ತದೆಂದು ನೀವು ಓದಿದ್ದೀರಲ್ಲವೆ? ಇಲ್ಲಿಯೂ ಅದೇ ನಿಯಮ. ಆದರೆ ಬಿಗಿದ ದೇಹ ಅನಿರೀಕ್ಷಿತವಾಗಿ ಎಡವಿದಾಗ ಸರಕ್ಕನೆ ಹೆಜ್ಜೆ ಬದಲಿಸಿ ಸಾವರಿಸಿಕೊಳ್ಳಲಾರದು.

ಇನ್ನೊಂದು ಕೆಡುಕು ನಿಧಾನವಾದದ್ದು. ಭಯದಿಂದ ಕುಳಿತಲ್ಲೇ ಇದ್ದರೆ ಸ್ನಾಯುಗಳು ಸೊರಗುತ್ತವೆ, ಸೋತ ಬದಿಯ ಮೂಳೆಗಳು ಟೊಳ್ಳಾಗುತ್ತವೆ. ಸಮತೋಲ ಇನ್ನಷ್ಟು ಕೆಡುತ್ತದೆ, ಭಯ ಇನ್ನಷ್ಟು ಹೆಚ್ಚುತ್ತದೆ. ಮೈಕಿನೆದುರು ಸ್ಪೀಕರ್ ಇಟ್ಟಾಗ ಸದ್ದು ತನ್ನಿಂದ ತಾನೇ ಬೆಳೆದು ಕಿರುಚುವಂತೆ ಇದೂ ಬೆಳೆಯುತ್ತದೆ.

ಕೇಳಬೇಕಾದ ಪ್ರಶ್ನೆ

ಪುತ್ತೂರಿನ ಸಮೀಪದ ಕಬಕದಂಥ ಊರಿನಲ್ಲಿ ಒಂದು ಹಳೆಯ ಮುರಕಲ್ಲಿನ ಮನೆಯನ್ನು ಕಲ್ಪಿಸಿಕೊಳ್ಳಿ. ಜಗಲಿಯಿಂದ ಅಂಗಳಕ್ಕೆ ಮೂರು ಮೆಟ್ಟಿಲು. ಹಿತ್ತಿಲಲ್ಲಿ ಬಚ್ಚಲುಮನೆ. ತೋಟಕ್ಕೆ ಹೋಗಲು ತೋಡಿನ ಮೇಲೆ ಅಡಿಕೆ ಮರದ ಸಂಕ. ಆಟಿ ತಿಂಗಳ ಮಳೆಗೆ ಎಲ್ಲೆಲ್ಲೂ ಪಾಚಿ ಕಟ್ಟಿ ಘರ್ಷಣೆ ತೀರ ಕಡಿಮೆಯಾಗಿದೆ. ಲಕ್ವದಿಂದ ಚೇತರಿಸಿಕೊಂಡ ಅಜ್ಜಿ, “ಬಚ್ಚಲಿಗೆ ಒಬ್ಬಳೇ ಹೋಗಲಾರೆ ಮಗಾ” ಎಂದಾರು. ಅಜ್ಜನಾದರೆ, “ತೋಟದಲ್ಲಿ ಈಗ ಎಂಥ ಕೆಲಸ ಉಂಟು?” ಎಂದು ಜಗಲಿಯಲ್ಲೇ ಕುಳಿತಾರು. ಅಧ್ಯಯನಗಳಲ್ಲಿ ಬೀಳುವ ಭಯವನ್ನು ಹೆಚ್ಚಾಗಿ ಹೇಳಿಕೊಂಡವರು ಮಹಿಳೆಯರು. ಗಂಡಸರಿಗೆ ಭಯವೇ ಇಲ್ಲವೆಂದು ಇದರಿಂದ ತೀರ್ಮಾನಿಸುವಂತಿಲ್ಲ.

ಆದ್ದರಿಂದ “ಭಯವಿದೆಯೆ?” ಎಂದು ಕೇಳಿದರೆ ಸಾಲದು. ಅಮೆರಿಕದ ವೈದ್ಯೆ ಮೇರಿ ಟಿನೆಟಿ ಮತ್ತು ಸಂಗಡಿಗರು 1990ರಲ್ಲಿ ಹತ್ತು ದಿನನಿತ್ಯದ ಕೆಲಸಗಳ ಪಟ್ಟಿ ಮಾಡಿ, ಬೀಳದೆ ಪ್ರತಿಯೊಂದನ್ನೂ ಮಾಡುವ ವಿಶ್ವಾಸ ಎಷ್ಟಿದೆಯೆಂದು ಕೇಳಿದರು. 2005ರಲ್ಲಿ ಬಂದ ಅದರ ಅಂತರರಾಷ್ಟ್ರೀಯ ರೂಪದಲ್ಲಿ 16 ಕೆಲಸಗಳಿವೆ. ಸ್ನಾನ, ಮೆಟ್ಟಿಲು, ಜಾರುವ ನೆಲ ಮುಂತಾದ ಪ್ರತಿಯೊಂದಕ್ಕೂ 1ರಿಂದ 4 ಅಂಕ. ಒಟ್ಟು 16ರಿಂದ 64. ಅಂಕ ಹೆಚ್ಚಿದಷ್ಟೂ ಬೀಳುವ ಚಿಂತೆ ಹೆಚ್ಚು. ಕೆಲಸವನ್ನು ಹೆಸರಿಸಿ ಕೇಳಿದಾಗ ಅಜ್ಜನೂ ಉತ್ತರ ಹೇಳಿಯಾರು, ತೊಂದರೆ ಎಲ್ಲಿದೆಯೆಂದು ನಮಗೂ ತಿಳಿದೀತು.

ಏನು ಮಾಡಬಹುದು?

ಮೊದಲನೆಯದು ಅಭ್ಯಾಸ. ಫಿಸಿಯೋಥೆರಪಿ ತಜ್ಞರ ಮೇಲ್ವಿಚಾರಣೆಯಲ್ಲಿ ಕುಳಿತು ಏಳುವುದನ್ನು, ಸೋತ ಕಾಲಿನ ಮೇಲೆ ಸ್ವಲ್ಪಸ್ವಲ್ಪವೇ ಭಾರ ಹಾಕುವುದನ್ನು ರೂಢಿಸಬೇಕು. ಎರಡನೆಯದು ಊರುಗೋಲು. ಅದನ್ನು ಬಲವಿರುವ ಕೈಯಲ್ಲಿ ಹಿಡಿಯಬೇಕು. ಎರಡು ಪಾದಗಳ ಕಿರಿದಾದ ಆಧಾರತಳ ಆಗ ಅಗಲವಾಗುತ್ತದೆ. ಮೂರನೆಯದು ಮನೆ. ಬಚ್ಚಲಿನಲ್ಲಿ ಗೋಡೆಗೆ ಭದ್ರವಾದ ಹಿಡಿಕೆ, ರಾತ್ರಿ ದೀಪ, ಪಾಚಿ ಉಜ್ಜಿ ತೆಗೆದ ಮೆಟ್ಟಿಲು ಇರಲಿ. ಮಳೆಗಾಲದಲ್ಲಿ ಅಂಗಳದ ದಾರಿಗೆ ಅಡಿಕೆ ಸೋಗೆ ಹಾಸುವ ನಮ್ಮ ಹಿರಿಯರ ಕ್ರಮವೂ ಘರ್ಷಣೆಯನ್ನು ಹೆಚ್ಚಿಸುವ ಉಪಾಯವೇ. ನಡೆಸುವವರು ಸೋತ ಬದಿಯಲ್ಲಿ, ತುಸು ಹಿಂದೆ ಇರಬೇಕು. ಸೋತ ಕೈಯನ್ನು ಹಿಡಿದು ಎಳೆಯಬಾರದು, ಭುಜದ ಕೀಲಿಗೆ ಪೆಟ್ಟಾಗಬಹುದು.

ಅಧ್ಯಾಪಕರು ಗುರುತ್ವ ಕೇಂದ್ರದ ಪಾಠದಲ್ಲಿ ಗೋಡೆಯ ಪ್ರಯೋಗವನ್ನು ಮಾಡಿಸಲಿ. ಎಡಗಾಲು ಏಳದಿದ್ದಾಗ ಮಕ್ಕಳು ನಗುತ್ತಾರೆ, ನಗಲಿ. ಬಳಿಕ, ಮನೆಯಲ್ಲಿರುವ ಅಜ್ಜನಿಗೋ ಅಜ್ಜಿಗೋ ದಿನವಿಡೀ ಹೀಗೆಯೇ ಆಗುತ್ತಿರಬಹುದೆಂದು ತಿಳಿಸಿ. “ಹೆದರಬೇಡಿ” ಎಂದು ಗದರಿಸುವ, “ಏಳಲೇಬೇಡಿ” ಎಂದು ಕೂರಿಸುವ ಬದಲು ಆ ಮಕ್ಕಳು ಅವರ ಪಕ್ಕದಲ್ಲಿ ನಿಂತು ನಾಲ್ಕು ಹೆಜ್ಜೆ ನಡೆಸಿಯಾರು.